ಗೆಡ್ಡೆಯ ಮ್ಯುಟೇಶನ್: ಮುಕ್ಕಾಲು ಪಾಲು ಕಳೆಯುವ ಲೆಕ್ಕ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಗ್ಲಯೋಮ ಎಂಬ ಮಿದುಳಿನ ಗೆಡ್ಡೆಗಳ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎ ಓದಿ, ಗೆಡ್ಡೆಯಲ್ಲೇ ಹೊಸದಾಗಿ ಆದ ಬದಲಾವಣೆ, ಅಂದರೆ ಮ್ಯುಟೇಶನ್, ಹುಡುಕುವುದು ನನ್ನ ಕೆಲಸ. ಈ ಡಿಎನ್‌ಎ ಚಿಕ್ಕದು. 16,569 ಅಕ್ಷರಗಳ ಒಂದು ಉಂಗುರ, ಅದರಲ್ಲಿ 37 ಜೀನು, ಅಷ್ಟೇ. ಆದರೆ ಒಂದೊಂದು ಜೀವಕೋಶದಲ್ಲೂ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ತಲೆನೋವು ಶುರುವಾಗುವುದೇ ಅಲ್ಲಿ: ಬದಲಾವಣೆ ಕೆಲವು ಪ್ರತಿಗಳಲ್ಲಿ ಮಾತ್ರ ಇರಬಹುದು.

ಮೊದಲ ವಿಷಯ ಗೆಡ್ಡೆಯ ತುಂಡು. ಗ್ಲಯೋಮಗಳಲ್ಲೇ ಅತಿ ಉಗ್ರವಾದ ಗ್ಲಯೋಬ್ಲಾಸ್ಟೋಮದ ನಡುಭಾಗ ಎಷ್ಟೋ ಸಲ ಸತ್ತ ಅಂಗಾಂಶ. ನೋಡಲು ದೊಡ್ಡ ತುಂಡು, ಡಿಎನ್‌ಎ ಮಾತ್ರ ಚೂರುಚೂರು. ಅದಕ್ಕೇ ಪ್ಯಾಥಾಲಜಿಸ್ಟ್ ಒಂದು ಸ್ಲೈಸ್ ನೋಡಿ ‘ಇಲ್ಲಿ ಜೀವಂತ ಗೆಡ್ಡೆ ಜಾಸ್ತಿ ಇದೆ’ ಅಂದ ಮೇಲೇ ನಾನು ಟ್ಯೂಬ್ ತೆರೆಯುವುದು. ಆಪರೇಷನ್ ಥಿಯೇಟರಿನಿಂದ ತುಂಡು ನೇರವಾಗಿ ದ್ರವ ಸಾರಜನಕಕ್ಕೆ ಹೋಗಬೇಕು. ಡ್ರೈ ಐಸ್ ಡಬ್ಬ ಹಿಡಿದುಕೊಂಡು ಸಂಜೆಯ ಟ್ರಾಫಿಕ್ಕಿನಲ್ಲಿ ಹೊಸೂರು ರೋಡ್ ದಾಟಿದವರಿಗೆ ಆ ಅವಸರ ಗೊತ್ತು.

ಗೆಡ್ಡೆಯ ಜೊತೆ ಅದೇ ರೋಗಿಯ ರಕ್ತವೂ ಬೇಕೇ ಬೇಕು. ರಕ್ತ ಇಲ್ಲದ ಸ್ಯಾಂಪಲ್ಲನ್ನು ನಾನು ಮುಟ್ಟುವುದಿಲ್ಲ. ಯಾಕೆಂದರೆ ಗೆಡ್ಡೆಯ ಸೀಕ್ವೆನ್ಸನ್ನು (ಡಿಎನ್‌ಎ ಅಕ್ಷರಗಳ ಸಾಲು) ರೆಫರೆನ್ಸ್, ಅಂದರೆ ಎಲ್ಲರೂ ಹೋಲಿಕೆಗೆ ಬಳಸುವ ಮಾದರಿಯ ಜೊತೆ ಇಟ್ಟರೆ ಸಾಲುಸಾಲು ವ್ಯತ್ಯಾಸ ಕಾಣುತ್ತವೆ. 263ನೇ ಸ್ಥಾನದಲ್ಲಿ ಎ ಅಕ್ಷರದ ಬದಲು ಜಿ. 10400ರಲ್ಲಿ ಸಿ ಬದಲು ಟಿ. ಹೊಸದಾಗಿ ಸೇರಿದವರಿಗೆ ಖುಷಿಯೋ ಖುಷಿ. ಆದರೆ 263ರ ಎ ಇರುವುದು ರೆಫರೆನ್ಸ್ ಕೊಟ್ಟ ವ್ಯಕ್ತಿಯಂಥ ಕೆಲವರಲ್ಲಿ ಮಾತ್ರ, ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಜಿಯೇ. 10400ರ ಟಿ ಅಂದರೆ ಎಂ ಹ್ಯಾಪ್ಲೊಗ್ರೂಪು, ತಾಯಿ ಕಡೆಯ ಒಂದು ವಂಶದ ಗುಂಪು. ನಮ್ಮ ದೇಶದಲ್ಲಿ ಅದು ಬೇಕಾದಷ್ಟು. ಇವೆಲ್ಲ ತಾಯಿಯ ಕಡೆಯಿಂದ ಬಂದವು, ಗೆಡ್ಡೆಗೂ ಅದಕ್ಕೂ ಸಂಬಂಧ ಇಲ್ಲ. ರಕ್ತದಲ್ಲೂ ಇದ್ದರೆ ಹೊಡೆದುಹಾಕು, ಅಷ್ಟೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಒಬ್ಬ ಹುಡುಗ ಕೇಳಿದ್ದ: “ಮೇಡಂ, ಇದು ಅಮ್ಮನ ಕಡೆಯಿಂದ ಬರುತ್ತೆ ಅಂದ್ರಲ್ಲ, ಹಾಗಾದ್ರೆ ಅಪ್ಪಂಗೆ ಗೆಡ್ಡೆ ಅಜ್ಜಿಯಿಂದ ಬಂತಾ?” ಇಲ್ಲಪ್ಪ, ನಾನು ಹುಡುಕುವುದು ಗೆಡ್ಡೆಯಲ್ಲೇ ಹೊಸದಾಗಿ ಆದ ಬದಲಾವಣೆ, ಅಜ್ಜಿಯದ್ದೇನೂ ತಪ್ಪಿಲ್ಲ ಅಂದೆ. ಅವನ ಮುಖ ಸ್ವಲ್ಪ ಹಗುರಾಯಿತು.

ರಕ್ತವನ್ನೂ ಓದುವುದರಿಂದ ಇನ್ನೊಂದು ಉಪಯೋಗವೂ ಇದೆ. ರಕ್ತ ಒಂದು ಹ್ಯಾಪ್ಲೊಗ್ರೂಪು, ಗೆಡ್ಡೆ ಇನ್ನೊಂದು ಅಂತ ಬಂದರೆ ಟ್ಯೂಬು ಅದಲುಬದಲಾಗಿದೆ ಎಂದೇ ಅರ್ಥ. ಬೇರೇನೂ ನೋಡುವ ಮೊದಲು ನಾನು ಇದನ್ನು ನೋಡುತ್ತೇನೆ.

ಮುಂದಿನ ಕಳ್ಳ ನ್ಯೂಕ್ಲಿಯಸ್ಸಿನಲ್ಲಿದ್ದಾನೆ. ಮೈಟೊಕಾಂಡ್ರಿಯದ ಹಳೆಯ ತುಣುಕುಗಳು ಕ್ರೋಮೋಸೋಮುಗಳಲ್ಲಿ ಸೇರಿಕೊಂಡಿವೆ. ಚಿಕ್ಕ ಪಿಸಿಆರ್ ಮಾಡಿದರೆ (ಡಿಎನ್‌ಎಯ ಚಿಕ್ಕ ಚಿಕ್ಕ ಭಾಗಗಳ ಪ್ರತಿ ತೆಗೆದು ಹೆಚ್ಚಿಸಿದರೆ) ಅವೂ ಬೆಳೆದು, ಮ್ಯುಟೇಶನ್ ಥರ ಕಾಣುತ್ತವೆ. ಅವು ಹೆಚ್ಚಾಗಿ ಗಿಡ್ಡ ತುಣುಕುಗಳು. ಹಾಗಾಗಿ ಇಡೀ ಉಂಗುರವನ್ನು ಎರಡೇ ಉದ್ದ ತುಂಡುಗಳಲ್ಲಿ ಬೆಳೆಸುತ್ತೇನೆ. ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಮೇಲ್ಗಡೆ ಒಂದೇ ದಪ್ಪ ಗೆರೆ ಬರಬೇಕು. ಕೆಳಗೆ ಉದ್ದಕ್ಕೂ ಮಸುಕಾಗಿ ಹರಡಿದ್ದರೆ ಡಿಎನ್‌ಎ ಮುರಿದಿದೆ. ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು ಮೇಣದ ಬ್ಲಾಕ್ ಮಾಡಿದ ಹಳೆಯ ಗೆಡ್ಡೆಗಳಿಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಡಿಎನ್‌ಎ ಮುರಿದಿರುವುದಷ್ಟೇ ಅಲ್ಲ, ಸಿ ಇದ್ದ ಕಡೆ ಸುಮ್ನೆ ಟಿ ಕಾಣಿಸಿಕೊಳ್ಳುತ್ತದೆ.

ಅತಿ ಹೆಚ್ಚು ಕಾಡಿದ್ದು ಡಿ-ಲೂಪಿನ (ಉಂಗುರದಲ್ಲಿ ಪ್ರೋಟೀನ್ ಜೀನು ಇಲ್ಲದ ಭಾಗ) 310ರ ಸುತ್ತಮುತ್ತ. ಏಳು ಸಿ, ಒಂದು ಟಿ, ಮತ್ತೆ ಐದು ಸಿ. ಗೆಡ್ಡೆಗಳಲ್ಲಿ ಈ ಸಿಗಳ ಸಂಖ್ಯೆ ಬದಲಾಗುವುದು ಸಾಮಾನ್ಯ. ಆದರೆ ಪಿಸಿಆರ್ ಕಿಣ್ವವೂ ಇಲ್ಲೇ ಎಡವುತ್ತದೆ. ಪ್ರತಿ ಅಕ್ಷರವನ್ನೂ ಒಂದು ಶಿಖರವಾಗಿ ತೋರಿಸುವ ಸ್ಯಾಂಗರ್ ವಿಧಾನದ ಚಿತ್ರದಲ್ಲಿ ಅಲ್ಲಿಯವರೆಗೆ ನೆಟ್ಟಗಿದ್ದ ಶಿಖರಗಳು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತವೆ. ರಕ್ತದಲ್ಲೂ ಗೊಂದಲ ಇರುತ್ತದೆ, ಅಲ್ವಾ? ಅದಕ್ಕೇ ಎರಡೂ ಸ್ಯಾಂಪಲ್ಲನ್ನು ಒಂದೇ ಪ್ಲೇಟಿನಲ್ಲಿ, ಎರಡೂ ದಿಕ್ಕಿನಿಂದ ಓದಿಸುತ್ತೇನೆ. ಹಾಗೆ ಮಾಡಿಯೂ ಈ ಜಾಗದ ಬದಲಾವಣೆಯನ್ನು ಪ್ರೋಟೀನ್ ಜೀನುಗಳಲ್ಲಿ ಸಿಕ್ಕಿದ್ದರ ಜೊತೆ ಬೆರೆಸುವುದಿಲ್ಲ. ಅದಕ್ಕೆ ಬೇರೆ ಟೇಬಲ್. ಪ್ರೋಟೀನ್ ಜೀನುಗಳ ಟೇಬಲ್ಲಿನಲ್ಲಿ ಪ್ರತಿ ಬದಲಾವಣೆಯ ಪಕ್ಕ, ಎಷ್ಟು ಪಾಲು ಪ್ರತಿಗಳಲ್ಲಿ ಅದು ಇದೆ ಅಂತಲೂ ಬರೆಯುತ್ತೇನೆ.