ಎರಡು ರೆಕಾರ್ಡ್, ಒಂದೇ ಬ್ರೇಕ್: ಹಿಪ್ ಹಾಪ್‌ನ ಮೊದಲ ಕೈಕೆಲಸ ಕಲಿಯುವ ಬಗೆ

ಹುಬ್ಬಳ್ಳಿ-ಧಾರವಾಡದ ಹುಡುಗರು ಹಿಪ್ ಹಾಪ್ ಅಂದಕೂಡಲೇ ಮೈಕ್ ಹಿಡಿಯುತ್ತಾರೆ. ಡಿಜೆಯ ಕೈಕೆಲಸವನ್ನೇ ಮೊದಲು ಕಲಿಯಿರಿ, ಉಳಿದದ್ದೆಲ್ಲ ಬೆಳೆದದ್ದು ಅದರ ಮೇಲೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಒಂದು ಪಾರ್ಟಿ ಇಟ್ಟುಕೊಂಡಿದ್ದರು. ಹಿಪ್ ಹಾಪ್ ಹುಟ್ಟಿದ್ದು ಅಲ್ಲೇ ಅನ್ನುತ್ತಾರೆ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದ್ದು ಜಮೈಕಾದಲ್ಲಿ ಹುಟ್ಟಿದ ಅವರ ಅಣ್ಣ, 18ರ ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ಮು ಉಳಿಯುವ ಕೆಲವೇ ಸೆಕೆಂಡುಗಳಿಗೆ ಜನ ಕಾಯುವುದನ್ನು ಹರ್ಕ್ ಗಮನಿಸಿದ್ದರು. ಹೋಳಿಯಲ್ಲಿ ಜಗ್ಗಲಿಗೆ ಬಾರಿಸಿದಾಗ ಕಾಲು ತಾನಾಗಿ ಏಳುತ್ತದಲ್ಲ, ಹಾಗೆ. ಆ ತುಣುಕೇ ಬ್ರೇಕ್. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿದೊಡನೆ ಇನ್ನೊಂದರಲ್ಲಿ ಶುರು ಮಾಡಿ ಅದನ್ನು ಹಿಗ್ಗಿಸಿದರು.

ಬೇಕಾದದ್ದು: ಡೈರೆಕ್ಟ್ ಡ್ರೈವ್ (ಮೋಟರೇ ನೇರವಾಗಿ ತಟ್ಟೆ ತಿರುಗಿಸುವ) ಟರ್ನ್‌ಟೇಬಲ್ ಎರಡು, ಕ್ರಾಸ್‌ಫೇಡರ್ (ಒಂದರ ಸದ್ದು ಇಳಿಸಿ ಇನ್ನೊಂದರದ್ದು ಏರಿಸುವ ಜಾರುಗುಂಡಿ) ಇರುವ ಮಿಕ್ಸರ್, ಹೆಡ್‌ಫೋನ್. ಬೆಲ್ಟಿನದು ಬೇಡ, ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಜಾರುತ್ತದೆ, ವೇಗ ಹಿಡಿಯಲು ತಡ. ಅಮೆರಿಕದ ಹಳೇ ಸೆಟ್ಟಾದರೆ ಹಿಂಬದಿಯ ವೋಲ್ಟೇಜ್ ನೋಡಿ. ನಮ್ಮ 230 ವೋಲ್ಟಿಗೆ 110ರದ್ದು ಸುಟ್ಟುಹೋಗುತ್ತದೆ. ಗುಂಯ್ ಅಂತ ಸದ್ದು ಬಂದರೆ ಅರ್ತ್ ತಂತಿಯನ್ನು ಮಿಕ್ಸರಿಗೆ ಬಿಗಿಯಿರಿ.

ತಟ್ಟೆಯ ಮೇಲಿನ ರಬ್ಬರ್ ಮ್ಯಾಟ್ ತೆಗೆದು, ರೆಕಾರ್ಡ್ ಜಾರುವಂತೆ ಫೆಲ್ಟ್ ಬಟ್ಟೆ ಹಾಕಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಬಟ್ಟೆ ಕೊಂಡು 30 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ, ನಡುವೆ ತೂತು ಮಾಡಿ, ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಸಾಕು. ಮೆತ್ತಗಿದ್ದರೆ ಮುದುಡಿ ರೆಕಾರ್ಡನ್ನು ಹಿಡಿಯುತ್ತದೆ. ಗುಂಡು ತುದಿಯ ಸೂಜಿಯೇ ಇರಲಿ. ಅದು ರೆಕಾರ್ಡನ್ನು ಒತ್ತುವ ಭಾರ ಸುಮಾರು 3 ಗ್ರಾಂ, ಆದರೆ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ತಯಾರಕರ ಮಿತಿ ಮೀರಬೇಡಿ. ಭಾರ ಕಡಿಮೆಯಾದರೆ ಸೂಜಿ ಹಾರುತ್ತದೆ.

ಮನೆಯಲ್ಲಿರುವ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡುಗಳ ಮೇಲೆ ದಯವಿಟ್ಟು ಕಲಿಯಬೇಡಿ. ಒಂದೇ ಜಾಗದಲ್ಲಿ ಹಿಂದೆಮುಂದೆ ಉಜ್ಜಿದರೆ ಗೆರೆ ಸವೆದು ಸರಸರ ಸದ್ದು ಕೂರುತ್ತದೆ, ಮತ್ತೆ ಹೋಗುವುದಿಲ್ಲ. ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡುಗಳನ್ನಂತೂ ಮುಟ್ಟಲೇಬೇಡಿ.

ಹರ್ಕ್ ಸೂಜಿಯನ್ನು ಕಣ್ಣಂದಾಜಿನಲ್ಲಿ ಇಡುತ್ತಿದ್ದರು, ತಾಳ ಜಾರುತ್ತಿತ್ತು. ಅದನ್ನು ಲೆಕ್ಕಕ್ಕೆ ತಂದವರು ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಗ್ರಾಂಡ್‌ಮಾಸ್ಟರ್ ಫ್ಲಾಶ್: ರೆಕಾರ್ಡಿನ ಮೇಲೆ ಕ್ರೇಯಾನ್ ಗುರುತು ಹಾಕಿ ಸುತ್ತು ಎಣಿಸಿದರು. ನೀವು ನಡುವಿನ ಲೇಬಲ್ ಮೇಲೆ ಸ್ಟಿಕರ್ ಅಂಟಿಸಿ, ಬ್ರೇಕ್ ಶುರುವಾಗುವಾಗ ಅದು ಗಡಿಯಾರದ 12ರ ಜಾಗದಲ್ಲಿರಲಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ನಿಮಿಷಕ್ಕೆ 100 ಬೀಟಿನ ಹಾಡಿನಲ್ಲಿ ನಾಲ್ಕು ಬಾರ್, ಅಂದರೆ 16 ಬೀಟು, 9.6 ಸೆಕೆಂಡು, 5⅓ ಸುತ್ತು.

ಎಡಗಡೆಯದು ಓಡುತ್ತಿರಲಿ. ಬಲಗಡೆಯ ರೆಕಾರ್ಡನ್ನು ಬ್ರೇಕಿನ ಶುರುವಿಗೆ ತಂದು, ಅಂಚಿನಲ್ಲಿ ಬೆರಳಿನಿಂದ ಹಗುರಾಗಿ ತಡೆಹಿಡಿಯಿರಿ, ಕೆಳಗೆ ತಟ್ಟೆ ತಿರುಗುತ್ತಲೇ ಇರಬೇಕು. ಹದಿನಾರನೇ ಬೀಟು ಮುಗಿಯುತ್ತಿದ್ದಂತೆ ತುಸು ಮುಂದಕ್ಕೆ ನೂಕಿ ಬಿಡಿ, ಫೇಡರ್ ಬಲಕ್ಕೆ ಎಳೆಯಿರಿ. ಸುಮ್ಮನೆ ಕೈ ಎತ್ತಿದರೆ ಮೊದಲ ಬೀಟು ಎಳೆದಂತೆ ಬರುತ್ತದೆ. ಈಗ ಎಡದ್ದನ್ನು 5⅓ ಸುತ್ತು ಹಿಂದಕ್ಕೆ ತಿರುಗಿಸಿ, ಹೆಡ್‌ಫೋನಿನಲ್ಲಿ ಕೇಳಿ ಖಚಿತ ಮಾಡಿಕೊಂಡು ತಡೆಹಿಡಿಯಿರಿ. ಎರಡು ಬಾರಿನ ಬ್ರೇಕಿಗೆ ಆಮೇಲೆ ಇಳಿಯಿರಿ, ಅಲ್ಲಿ ಸಿಗುವುದು 4.8 ಸೆಕೆಂಡು ಮಾತ್ರ. ಪ್ರತಿ ಸುತ್ತಿಗೂ ತಾಳ ಕೆಡುತ್ತಿದ್ದರೆ ಎರಡೂ ಟರ್ನ್‌ಟೇಬಲ್‌ಗಳ ಪಿಚ್ (ವೇಗ ಹೊಂದಿಸುವ ಗುಂಡಿ) ಒಂದೇ ಇದೆಯೇ ನೋಡಿ.

ಸ್ಪೀಕರನ್ನು ಅದೇ ಟೇಬಲ್ ಮೇಲಿಡಬೇಡಿ; ಬೇಸ್ ಸೂಜಿಗೆ ಹತ್ತಿ ಗುಡುಗುತ್ತದೆ. ಐದು ನಿಮಿಷ ತಾಳ ತಪ್ಪದೆ ಬಂದಮೇಲೆ, ಹರ್ಕ್ ಜೊತೆ ಅವರ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ನಿಲ್ಲುತ್ತಿದ್ದ ಹಾಗೆ, ಗೆಳೆಯನ ಕೈಗೆ ಮೈಕ್ ಕೊಡಿ. ಅವನು ಸ್ಪೀಕರಿಗೆ ಹಿಂದೆ ನಿಲ್ಲಲಿ, ಇಲ್ಲದಿದ್ದರೆ ಮೈಕ್ ಕಿರುಚುತ್ತದೆ.