ಸ್ಮಾರ್ಟ್ ಟ್ರೈನರ್: ನನ್ನ ಆಯ್ಕೆ ಶುರುವಾಗಿದ್ದು ಹಿಂಬದಿಯ ಆಕ್ಸಲ್‌ನಿಂದ

ಮನೆಯೊಳಗೇ ಸೈಕಲ್ ಕೂರಿಸಿ ತುಳಿಯಲು, ಆ್ಯಪ್ ಹೇಳಿದಂತೆ ಪ್ರತಿರೋಧ ಬದಲಿಸುವ ಸಾಧನವೇ ಸ್ಮಾರ್ಟ್ ಟ್ರೈನರ್. ಅದನ್ನು ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಅದು ತಡೆಯಬಲ್ಲ ಗರಿಷ್ಠ ವ್ಯಾಟ್ ಮೇಲೆ. ನಾನು ಮೊದಲು ನೋಡಿದ್ದು ಸೈಕಲ್ಲಿನ ಹಿಂಬದಿಯ ಆಕ್ಸಲ್, ಅಂದರೆ ಚಕ್ರದ ಅಚ್ಚು. ಲಿವರ್ ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್ ಆದರೆ ಅದರ ಅಗಲ ರಿಮ್ ಬ್ರೇಕಿನ ರೋಡ್ ಬೈಕಿನಲ್ಲಿ 130 ಮಿ.ಮೀ., ಡಿಸ್ಕ್ ಬ್ರೇಕ್ ಇದ್ದರೆ ಸಾಮಾನ್ಯವಾಗಿ 135. ಫ್ರೇಮಿನೊಳಗೆ ತೂರಿಸಿ ತಿರುಚುವ ಥ್ರೂ ಆಕ್ಸಲ್ ಆದರೆ ರೋಡ್ ಬೈಕಿನಲ್ಲಿ ಹೆಚ್ಚಾಗಿ 142×12 (ಅಗಲ × ದಪ್ಪ), ಬೂಸ್ಟ್ ಎಂಬ ಅಗಲ ಹಬ್ಬಿನ ಮೌಂಟನ್ ಬೈಕಿನಲ್ಲಿ 148×12. ಇದಕ್ಕೆ ಬೇಕಾದ ಅಡಾಪ್ಟರ್ ಪೆಟ್ಟಿಗೆಯಲ್ಲೇ ಇದೆಯೋ, ಬೇರೆ ಕೊಳ್ಳಬೇಕೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಕಾರ್ಬನ್ ಫ್ರೇಮ್ ಇದ್ದರೆ ಟ್ರೈನರ್ ಬಳಕೆಗೆ ವಾರಂಟಿ ಅನ್ವಯಿಸುತ್ತದೆಯೇ ಎಂದೂ ಓದಿಕೊಳ್ಳಿ.

ಎರಡನೆಯದು ಫ್ರೀಹಬ್, ಅಂದರೆ ಹಿಂಬದಿಯ ಹಲ್ಲುಚಕ್ರಗಳ ಗೊಂಚಲು (ಕ್ಯಾಸೆಟ್) ಕೂರುವ ಭಾಗ. ಹಿಂಚಕ್ರ ತೆಗೆದು ಕೂರಿಸುವ ಡೈರೆಕ್ಟ್ ಡ್ರೈವ್ ಟ್ರೈನರ್‌ಗೆ ಅದರದೇ ಕ್ಯಾಸೆಟ್ ಬೇಕು. ಶಿಮಾನೋ ಕಂಪನಿಯ 8ರಿಂದ 11 ಸ್ಪೀಡ್ (ಅಷ್ಟು ಹಲ್ಲುಚಕ್ರಗಳ) ಕ್ಯಾಸೆಟ್‌ಗಳು ಎಚ್‌ಜಿ ಎಂಬ ಮಾದರಿಯ ಫ್ರೀಹಬ್ ಮೇಲೆ ಕೂರುತ್ತವೆ. ಆದರೆ 11 ಸ್ಪೀಡ್ ರೋಡ್ ಫ್ರೀಹಬ್ ಮೇಲೆ 8, 9, 10 ಸ್ಪೀಡ್ ಹಾಕುವಾಗ ಹಿಂದೆ 1.8 ಮಿ.ಮೀ. ಸ್ಪೇಸರ್ ಬಳೆ ಇಡಲೇಬೇಕು. ಬಿಟ್ಟರೆ ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಅದು ಅಲ್ಲಾಡುತ್ತಲೇ ಇರುತ್ತದೆ. ಲಾಕ್‌ರಿಂಗ್ ಬಿಗಿತ 40 ನ್ಯೂಟನ್ ಮೀಟರ್. ಸಾಮಾನ್ಯವಾಗಿ ಸ್ರ್ಯಾಮ್ ಕಂಪನಿಯ 12 ಸ್ಪೀಡ್ ರೋಡ್‌ಗೆ ಎಕ್ಸ್‌ಡಿಆರ್, ಶಿಮಾನೋ 12 ಸ್ಪೀಡ್ ಮೌಂಟನ್‌ಗೆ ಮೈಕ್ರೋ ಸ್ಪ್ಲೈನ್ ಮಾದರಿಯ ಫ್ರೀಹಬ್ ಬೇಕು. ಟ್ರೈನರ್‌ಗೆ ಹಾಕುವ ಕ್ಯಾಸೆಟ್‌ನ ದೊಡ್ಡ ಹಲ್ಲುಚಕ್ರ ನಿಮ್ಮ ಸೈಕಲ್ಲಿನದಕ್ಕಿಂತ ದೊಡ್ಡದಿರಬಾರದು. ದೊಡ್ಡದಾದರೆ ಚೈನ್ ಉದ್ದ ಸಾಲದೆ, ಗೇರ್ ಬದಲಿಸುವ ಹಿಂಬದಿಯ ಡಿರೇಲರ್ ಎಳೆದುಕೊಂಡು ಮುರಿಯಬಹುದು. ಕೂರಿಸಿದ ಮೇಲೆ ಗೇರ್ ಕಟಕಟ ಎಂದರೆ ಗಾಬರಿಯಾಗಬೇಡಿ, ಗೇರ್ ಕೇಬಲ್ ಬಿಗಿತ ಹೊಂದಿಸುವ ಬ್ಯಾರಲ್ ಅಡ್ಜಸ್ಟರ್ ಕಾಲು ಸುತ್ತು ತಿರುಗಿಸಿದರೆ ಬಹುತೇಕ ಸರಿಹೋಗುತ್ತದೆ.

ಇನ್ನು ವ್ಯಾಟ್ ವಿಚಾರ. ಸವಾರ 75 ಕೆ.ಜಿ., ಸೈಕಲ್ 8 ಕೆ.ಜಿ. ಎಂದುಕೊಳ್ಳಿ. ಶೇ. 8ರ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಬೇಕಾಗುವುದು ಸುಮಾರು 190 ವ್ಯಾಟ್ ಮಾತ್ರ. ಹಾಗಾಗಿ 2000 ವ್ಯಾಟ್ ಎಂಬ ಅಂಕಿ ಸ್ಪ್ರಿಂಟ್ ಹೊಡೆಯುವವರಿಗೆ ಬಿಟ್ಟರೆ ಉಳಿದವರಿಗೆ ಏನನ್ನೂ ಹೇಳುವುದಿಲ್ಲ. ಕಷ್ಟವಿರುವುದು ಆ 190 ವ್ಯಾಟನ್ನು ಚಕ್ರ ನಿಧಾನ ತಿರುಗುವಾಗ ತಡೆದು ಹಿಡಿಯುವುದರಲ್ಲಿ. ಟೈರ್ ಮೇಲೆ ರೋಲರ್ ಒತ್ತುವ ವೀಲ್ ಆನ್ ಮಾದರಿಗಳು ಸೋಲುವುದು ಇಲ್ಲೇ: ಕಡಿಮೆ ವೇಗ, ಹೆಚ್ಚು ಒತ್ತಡ ಬಂದೊಡನೆ ಟೈರ್ ಜಾರುತ್ತದೆ. ಅವುಗಳಲ್ಲಿ ಹಲವು ಹೆಚ್ಚೆಂದರೆ ಶೇ. 6–7ರ ಏರನ್ನು ಅನುಕರಿಸಬಲ್ಲವು. ಮೇಲ್ದರ್ಜೆಯ ಡೈರೆಕ್ಟ್ ಡ್ರೈವ್ ಮಾದರಿಗಳು ಶೇ. 16ರಿಂದ 20ರವರೆಗೆ, ಕೆಲವು ಅದಕ್ಕೂ ಮೇಲೆ ಹೋಗುತ್ತವೆ. ಹಾಗೆಂದು ಶೇ. 20ರ ಆಸೆಗೆ ಬೀಳಬೇಕಿಲ್ಲ. ಜ್ವಿಫ್ಟ್ ಎಂಬ ಸೈಕ್ಲಿಂಗ್ ಆ್ಯಪ್‌ನಲ್ಲಿ ಏರಿನ ತೀವ್ರತೆ ಹೊಂದಿಸುವ ಟ್ರೈನರ್ ಡಿಫಿಕಲ್ಟಿ ತಾನಾಗಿಯೇ ಶೇ. 50ಕ್ಕೆ ಇರುತ್ತದೆ. ಅಂದರೆ ಶೇ. 10ರ ಏರು ಕಾಲಿಗೆ ಶೇ. 5ರಂತೆ ತಾಗುತ್ತದೆ. ಹತ್ತಲು ಬೇಕಾದ ಶಕ್ತಿ ಅಷ್ಟೇ, ಗೇರ್ ಇಳಿಸುವ ಅಗತ್ಯ ಕಡಿಮೆ.

ನಿಖರತೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ±5% ಎಂದರೆ 200 ವ್ಯಾಟ್‌ನಲ್ಲಿ 10 ವ್ಯಾಟ್ ಆಚೀಚೆ. ±2% ಆದರೆ 4. ಅದಕ್ಕಿಂತ ಮುಖ್ಯ, ಇವತ್ತಿನ 200 ನಾಳೆಯೂ 200 ಆಗಿರಬೇಕು. ವೀಲ್ ಆನ್ ಮಾದರಿಯಲ್ಲಿ ಇದಕ್ಕೆ ಶಿಸ್ತು ಬೇಕು. ಪ್ರತಿಸಲ ಟೈರಿಗೆ ಅದೇ ಗಾಳಿ, ರೋಲರ್ ಬಿಗಿಸುವ ಗುಬ್ಬಿಗೆ ಅಷ್ಟೇ ಸುತ್ತು, 10 ನಿಮಿಷ ತುಳಿದ ನಂತರವೇ ಸ್ಪಿನ್‌ಡೌನ್, ಅಂದರೆ ಚಕ್ರ ತಾನಾಗಿ ನಿಲ್ಲಲು ಬಿಟ್ಟು ಅಂಕಿ ಸರಿಹೊಂದಿಸುವ ಪರೀಕ್ಷೆ. ತಣ್ಣಗಿನ ಟೈರಿನಲ್ಲಿ ಸ್ಪಿನ್‌ಡೌನ್ ಮಾಡಿದರೆ, ಟೈರ್ ಬಿಸಿಯಾದಂತೆ ಘರ್ಷಣೆ ಬದಲಾಗಿ ಅಂಕಿ ಸರಿಯುತ್ತಾ ಹೋಗುತ್ತದೆ. ಪೆಡಲ್ ಕೂರುವ ತೋಳಾದ ಕ್ರ್ಯಾಂಕ್‌ನಲ್ಲಿ ವ್ಯಾಟ್ ಅಳೆಯುವ ಪವರ್ ಮೀಟರ್ ಇದ್ದು ಅದು ಟ್ರೈನರ್‌ಗಿಂತ ಕೆಲವು ವ್ಯಾಟ್ ಹೆಚ್ಚು ತೋರಿಸಿದರೆ ಎರಡೂ ಸರಿಯಿರಬಹುದು, ಚೈನ್ ಮತ್ತು ಹಲ್ಲುಚಕ್ರಗಳಲ್ಲಿ ಸ್ವಲ್ಪ ಶಕ್ತಿ ಸೋರಿಹೋಗಿರುತ್ತದೆ. ಯಾವುದಾದರೂ ಒಂದನ್ನೇ ನಂಬಿ ಅಭ್ಯಾಸ ನಡೆಸಿ.

ಸಂಪರ್ಕದ ವಿಷಯ ಚಿಕ್ಕದು: ಆ್ಯಪ್ ಟ್ರೈನರನ್ನು ನಿಯಂತ್ರಿಸುವ ನಿಸ್ತಂತು ಭಾಷೆಗಳಲ್ಲಿ ಬ್ಲೂಟೂತ್ ಎಫ್‌ಟಿಎಂಎಸ್ ಅಥವಾ ಆಂಟ್ ಪ್ಲಸ್ ಎಫ್‌ಇ-ಸಿ ಇದ್ದರೆ ಸಾಕು. ಎಷ್ಟೋ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಂದೇ ಸಾಧನದ ಜೊತೆ ಬೆಸೆಯುತ್ತವೆ. ಲ್ಯಾಪ್‌ಟಾಪ್‌ಗೆ ಟ್ರೈನರ್ ಕಾಣದಿದ್ದರೆ ಮೊದಲು ಮೊಬೈಲಿನಲ್ಲಿ ತೆರೆದಿರುವ ತಯಾರಕರ ಆ್ಯಪ್ ಮುಚ್ಚಿ.

ಅರ್ಗ್ ಮೋಡ್‌ನಲ್ಲಿ ಟ್ರೈನರ್ ನಿಗದಿತ ವ್ಯಾಟ್ ಬಿಡುವುದಿಲ್ಲ. ಸುಸ್ತಾಗಿ ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 90ರಿಂದ 60ಕ್ಕೆ ಇಳಿದರೆ ಅದೇ ವ್ಯಾಟ್ ಕಾಯಲು ಅದು ಪ್ರತಿರೋಧ ಏರಿಸುತ್ತದೆ, ಕಾಲು ಇನ್ನೂ ನಿಧಾನವಾಗುತ್ತದೆ, ಕೊನೆಗೆ ಪೆಡಲ್ ಕಚ್ಚಿ ನಿಲ್ಲುತ್ತದೆ. ಪ್ರತಿ ಇಂಟರ್ವಲ್ (ಜೋರಾಗಿ ತುಳಿಯುವ ಅವಧಿ) ಶುರುವಾಗುವ ಕೆಲವು ಸೆಕೆಂಡ್ ಮುಂಚೆಯೇ ನಾನು ಕೇಡೆನ್ಸ್ ಏರಿಸಿಕೊಳ್ಳುತ್ತೇನೆ. ಗೇರ್ ಮುಂದೆ ಚಿಕ್ಕದು, ಹಿಂದೆ ನಡುವಿನದು. ಚೈನ್ ನೇರವಾಗಿರುವುದರಿಂದ ಸದ್ದೂ ಕಡಿಮೆ.

ಬಜೆಟ್ ಪೂರ್ತಿ ಟ್ರೈನರ್‌ಗೇ ಸುರಿಯಬೇಡಿ. ಜೋರು ಫ್ಯಾನ್ ಇಲ್ಲದ ಕೋಣೆಯಲ್ಲಿ ಮೈ ಕಾದು, ಕಾಲಲ್ಲಿ ಕಸುವಿದ್ದರೂ ವ್ಯಾಟ್ ಕುಸಿಯುತ್ತದೆ. ಟ್ರೈನರ್ ಅಡಿಯಲ್ಲಿ ದಪ್ಪ ಮ್ಯಾಟ್ ಹಾಸಿ. ಟ್ರೈನರ್ ಸದ್ದಿಲ್ಲದ್ದಾದರೂ ಕಂಪನ ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ ಆದರೆ ಚಕ್ರ ತೆಗೆದೊಡನೆ ಕ್ಯಾಲಿಪರ್‌ಗೆ ಪ್ಯಾಡ್ ಸ್ಪೇಸರ್ ತುರುಕಿ. ಅದಿಲ್ಲದೆ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು, ಚಕ್ರದ ಡಿಸ್ಕ್ (ರೋಟರ್) ಮತ್ತೆ ಒಳಗೆ ಹೋಗುವುದಿಲ್ಲ. ಬೆವರಿನ ಉಪ್ಪು ಹೆಡ್‌ಸೆಟ್ ಮತ್ತು ಸ್ಟೆಮ್ ಬೋಲ್ಟ್‌ಗಳನ್ನು ತಿನ್ನುತ್ತದೆ, ಟೇಪಿನಡಿ ಅಲ್ಯೂಮಿನಿಯಂ ಹ್ಯಾಂಡಲ್‌ಬಾರನ್ನೂ ಬಿಡುವುದಿಲ್ಲ. ಹ್ಯಾಂಡಲ್ ಮೇಲೆ ಟವೆಲ್ ಹೊದಿಸಿ, ಮುಗಿದ ಮೇಲೆ ಒರೆಸಿ, ಟೇಪ್ ಬದಲಿಸುವಾಗಲೆಲ್ಲ ಕೆಳಗಿನ ಲೋಹದಲ್ಲಿ ಬಿಳಿ ಪುಡಿ ಅಥವಾ ಗುಳಿ ಕಾಣುತ್ತದೆಯೇ ನೋಡಿ. ಗುಳಿ ಇದ್ದರೆ ಆ ಹ್ಯಾಂಡಲ್‌ಬಾರ್ ರಸ್ತೆಗೆ ಬೇಡ.