ಸೈನೈಡ್ ದಿಬ್ಬ ಕೊನೆಗೂ ಬಣ್ಣಕ್ಕೆ ಬಗ್ಗಿತು

"ಮರಳುಗಾಡು ಬರೀಬೇಕಂದ್ರೆ ಜೈಸಲ್ಮೇರಿಗೆ ಹೋಗಯ್ಯ, ಕೆಜಿಎಫ್ ಬೂದಿಗುಡ್ಡದಲ್ಲಿ ಏನಿದೆ?" ಅಂತ ಗೆಳೆಯರು ನಕ್ಕಿದ್ದರು. ಬೆಂಗಳೂರಿನ ಚಿತ್ರಸಂತೆಯಲ್ಲಿ ಆ ಬೂದಿಗುಡ್ಡವನ್ನೇ ಮೂರು ಸಲ ಮಾರಿ ಬಂದೆ.

ಗಣಿ 2001ರಲ್ಲಿ ಮುಚ್ಚಿತು. ಅದಿರು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಪುಡಿ ಗುಡ್ಡವಾಗಿ ಉಳಿಯಿತು. ಅದರ ಮೈಯಲ್ಲಿ ಮಳೆನೀರು ಕೊರೆದ ಸೀಳುಗಳಿವೆಯಲ್ಲ, ಎರಡು ವರ್ಷ ನನ್ನನ್ನು ಸತಾಯಿಸಿದ್ದು ಅವೇ. ಕಣ್ಣಿಗೆ ಬೆಳ್ಳಗೆ ಕಂಡಿತೆಂದು ಟೈಟೇನಿಯಂ ವೈಟ್ ಸುರಿದೆ. ಗುಡ್ಡ ಸುಣ್ಣ ಹೊಡೆದ ಗೋಡೆಯಾಯಿತು. ನೆರಳಿಗೆ ಕಪ್ಪು ಹಾಕಿದೆ. ಸೀಳು ಹೋಗಿ ಮಸಿ ಹಿಡಿದ ಒಲೆಬಾಯಿ. ಹೀಗೆ ಹಾಳಾದ ಬೋರ್ಡು ಇಪ್ಪತ್ತಕ್ಕೆ ಕಡಿಮೆಯಿಲ್ಲ.

ಈಗ ಬೋರ್ಡಿಗೆ ಮೊದಲೇ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ತೆಳ್ಳಗೆ ಬಳಿದು ಒಣಗಿಸಿಡುತ್ತೇನೆ. ಮೇಲೆ ಹಾಕುವ ಬಣ್ಣದ ಪಟ್ಟುಗಳು ಒಂದಕ್ಕೊಂದು ತಾಗಬಾರದು. ಸಂದಿಯಲ್ಲಿ ಕೆಂಪು ಇಣುಕಿದರೇ ಬಿಸಿಲಿಗೆ ಕಾವು ಬರುವುದು. ನೆರಳಿಗೆ ಅಲ್ಟ್ರಾಮರೀನ್ ನೀಲಿ, ಜೊತೆಗೆ ಇನ್ನೊಂದು ಬಣ್ಣ. ಅದು ಯಾವುದೆಂದು ಹೇಳಲ್ಲ, ಕ್ಷಮಿಸಿ. ಬಿಳಿ ಟ್ಯೂಬಿನ ಮುಚ್ಚಳ ತೆಗೆಯುವುದು ಕೊನೆಯ ಹತ್ತು ನಿಮಿಷಕ್ಕೆ ಮಾತ್ರ.

ಬಂಗಾರಪೇಟೆಯಿಂದ ಬೈಕಿನಲ್ಲಿ ಐದೂವರೆಗೇ ಹೊರಡುತ್ತೇನೆ. ಎಂಟೂವರೆ ದಾಟಿದರೆ ಸೀಳಿನ ನೀಲಿ ಬತ್ತಿಹೋಗುತ್ತದೆ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ 1890ರ ಸುಮಾರಿಗೆ ಹುಲ್ಲಿನ ಮೆದೆ ಬರೆಯುವಾಗ ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದನಲ್ಲ, ನಾನೂ ಹಾಗೇ. ಆದರೆ ನನ್ನದು 8×10 ಇಂಚಿನ ಹಾರ್ಡ್‌ಬೋರ್ಡು, ಜೇಬು ಅಷ್ಟೇ ಅಗಲ.

ಗಾಳಿ ಎದ್ದರೆ ಹಸಿ ಬಣ್ಣಕ್ಕೆ ಧೂಳು ಮೆತ್ತುತ್ತದೆ. ಒರೆಸಿದಿರೋ, ಕೆಟ್ಟಿತು. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಕೊಡವಿ. ಮುಖಕ್ಕೆ ಮಾಸ್ಕ್ ಇರಲಿ. ಆ ಪುಡಿಯನ್ನೇ ಬಣ್ಣಕ್ಕೆ ಕಲಸು ಎಂದವರೂ ಇದ್ದಾರೆ. ವಿಷದ ಜೊತೆ ಆಟ ಬೇಡವೆಂದು ನಮ್ಮ ಹೊಲದ ಕೆಮ್ಮಣ್ಣನ್ನು ಹಳೇ ಪಂಚೆಯಲ್ಲಿ ಸೋಸಿ ಅಗಸೆ ಎಣ್ಣೆಯಲ್ಲಿ ಅರೆದೆ. ಮೊದಲ ವಾರ ಏನು ಚೆಂದ! ಎರಡು ತಿಂಗಳಿಗೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು.

ಬಣ್ಣ, ಬೋರ್ಡು, ಪೆಟ್ರೋಲು ಎಲ್ಲ ಸೇರಿ ಮೂವತ್ತೈದು ಸಾವಿರ ಹೋಗಿರಬಹುದು. ಬಂದದ್ದು ಹನ್ನೊಂದು ಸಾವಿರ ಚಿಲ್ಲರೆ. "ಹಸಿರೇ ಇಲ್ಲದ ಚಿತ್ರ ಯಾರ ಮನೆಗೆ ಬೇಕು?" ಎಂದು ಒಂದು ಗ್ಯಾಲರಿಯವರು ವಾಪಸು ಕಳಿಸಿದ್ದರು. ಚಿತ್ರಸಂತೆಯಲ್ಲಿ ಒಬ್ಬ ಹೆಂಗಸು ಅದೇ ಚಿತ್ರದ ಎಡಗಡೆಯ ಸೀಳಿನ ಮೇಲೆ ಬೆರಳಿಟ್ಟು, "ಅಪ್ಪ ಗಣಿಯಲ್ಲಿದ್ರು. ನಾವು ಇಲ್ಲೇ ಜಾರ್ತಿದ್ವಿ" ಎಂದರು. ಆಮೇಲೆ ಐನೂರು ಚೌಕಾಸಿ ಮಾಡಿದರು. ಬಿಟ್ಟೆ.